ಎಲ್ಲರೂ ಒಂದೇ ಬಗೆಯ ಪಾತ್ರ ಮಾಡಿಕೊಂಡು ಬಂದರೆ ಡಂಜನ್ ಮಾಸ್ಟರ್ ಏನು ಮಾಡಬೇಕು?

ತಾವೇ ಸೃಷ್ಟಿಸಿದ ಪಾತ್ರಗಳಾಗಿ ದಾಳ ಉರುಳಿಸುತ್ತಾ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ನಿಮ್ಮ ಬಳಗದ ಐವರೂ ಪ್ರತಿ ಸಲ ಕತ್ತಿ ಹಿಡಿದ, ಹಿಂದುಮುಂದಿಲ್ಲದ, ಮಿತಭಾಷಿ ಗಂಡಸರನ್ನೇ ಸೃಷ್ಟಿಸಿಕೊಂಡು ಬರುತ್ತಾರೆ, ಒತ್ತಾಯ ಹೇರದೆ ಇದನ್ನು ಬದಲಿಸುವುದು ಹೇಗೆ ಎಂದು ಕೇಳಿದ್ದೀರಿ. ಆರು ವರ್ಷಗಳಿಂದ ಡಂಜನ್ ಮಾಸ್ಟರ್ ಆಗಿ, ಅಂದರೆ ಕಥೆ ಹೇಳುತ್ತಾ ಉಳಿದೆಲ್ಲ ಪಾತ್ರಗಳ ಮಾತನ್ನೂ ಆಡುತ್ತಾ, ಆಟ ನಡೆಸುತ್ತಿರುವ ನಾನೂ ಮೊದಲು ಆಟಗಾರರನ್ನೇ ದೂರುತ್ತಿದ್ದೆ. ಈಗ ತಪ್ಪಿನ ದೊಡ್ಡ ಪಾಲು ನಿಯಮದ್ದು ಮತ್ತು ನನ್ನದು ಎನ್ನಿಸುತ್ತದೆ.

2014ರ ನಿಯಮಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಎಲ್ಫ್ ಎಂಬ ಕಲ್ಪಿತ ಕುಲಕ್ಕೆ ಚುರುಕುತನದಲ್ಲಿ, ಹಾಫ್-ಆರ್ಕ್ ಎಂಬ ಕುಲಕ್ಕೆ ಬಲದಲ್ಲಿ ಹುಟ್ಟಿನಿಂದಲೇ ಎರಡು ಅಂಕ ಹೆಚ್ಚು ಸಿಗುತ್ತಿದ್ದುದರಿಂದ, ಲೆಕ್ಕ ಬಲ್ಲ ಆಟಗಾರರು ಬಲಕ್ಕಿಂತ ಬುದ್ಧಿ ಬೇಕಾದ ಮಾಂತ್ರಿಕನನ್ನು ಹಾಫ್-ಆರ್ಕ್ ಆಗಿ ಮಾಡಲು ಹಿಂಜರಿಯುವುದು ಸಹಜವೇ ಆಗಿತ್ತು. (1978ರ ಅಡ್ವಾನ್ಸ್ಡ್ ಆವೃತ್ತಿಯಂತೂ ಹೆಣ್ಣು ಪಾತ್ರಗಳ ಬಲಕ್ಕೆ ಗಂಡಿಗಿಂತ ಕೆಳಗೆ ಗೆರೆ ಎಳೆದಿತ್ತು.) 2020ರ ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್ ಎಂಬ ಪೂರಕ ಪುಸ್ತಕ ಈ ಅಂಕಗಳನ್ನು ಬೇಕಾದ ಗುಣಕ್ಕೆ ಹಾಕಿಕೊಳ್ಳಲು ಬಿಟ್ಟಿತು, 2024ರ ಹ್ಯಾಂಡ್‌ಬುಕ್ ಅವನ್ನು ಕುಲದಿಂದ ಬಿಡಿಸಿ ರೈತ, ನಾವಿಕ, ಲಿಪಿಕಾರ ಮುಂತಾದ ಹಿನ್ನೆಲೆಗಳಿಗೆ ಜೋಡಿಸಿತು. ನೀವಿನ್ನೂ ಹಳೆಯ ಪುಸ್ತಕದಲ್ಲೇ ಆಡುತ್ತಿದ್ದರೆ ಈ ಒಂದು ಸಡಿಲಿಕೆಯನ್ನು ಮುಂದಿನ ಆಟಕ್ಕೇ ಕೊಟ್ಟುಬಿಡಿ.

ನನ್ನ ತಪ್ಪು ಬಾಯಿಯದು. ನಾವು ಕನ್ನಡದಲ್ಲಿ ಆಡುತ್ತೇವೆ, ಏಕವಚನದಲ್ಲಿ ಒಬ್ಬರ ಬಗ್ಗೆ ಹೇಳುವಾಗ ಕನ್ನಡದ ಕ್ರಿಯಾಪದವೋ ಲಿಂಗವನ್ನು ಬಚ್ಚಿಡಲು ಬಿಡುವುದಿಲ್ಲ. ಕಾವಲು ದಳದ ಮುಖ್ಯಸ್ಥನಿರಲಿ, ಛತ್ರದ ಒಡೆಯನಿರಲಿ, ದೋಣಿ ನಡೆಸುವವನಿರಲಿ, ಎಲ್ಲರೂ ನನ್ನ ನಾಲಿಗೆಯಲ್ಲಿ ತಾವಾಗಿಯೇ ‘ಬಂದ’, ‘ಹೇಳಿದ’ ಆಗಿಬಿಡುತ್ತಿದ್ದರು. ಅಂಥ ಊರಿಗೆ ಹೊಂದುವ ಪಾತ್ರಗಳನ್ನೇ ಆಟಗಾರರೂ ತರುತ್ತಿದ್ದರು. ಈಗ ಆಟಕ್ಕೆ ಮುಂಚೆಯೇ ಅರ್ಧದಷ್ಟು ಹೆಸರುಗಳ ಮುಂದೆ ‘ಬಂದಳು’ ಎಂದು ಬರೆದಿಟ್ಟುಕೊಳ್ಳುತ್ತೇನೆ.

ಸೆಷನ್ ಝೀರೋದಲ್ಲಿ, ಅಂದರೆ ಆಟ ಶುರುವಾಗುವ ಮುನ್ನ ಪಾತ್ರಗಳನ್ನು ರೂಪಿಸಲು ಸೇರುವ ಕೂಟದಲ್ಲಿ, ದಾಳ ಮುಟ್ಟುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿ: ಮನೆಯಲ್ಲಿ ನಿನಗಾಗಿ ಕಾಯುತ್ತಿರುವವರು ಯಾರು, ಯಾರ ಸಾಲ ತೀರಿಸಬೇಕಿದೆ, ನಿನ್ನ ಊರಿನವರು ಬೇರೆ ಊರಿನವರ ಯಾವ ಅಡುಗೆಯನ್ನು ಕಂಡು ನಗುತ್ತಾರೆ? ಸದಾ ಅನಾಥ ಯೋಧನನ್ನೇ ತರುತ್ತಿದ್ದ ನಮ್ಮ ಗೆಳೆಯನೊಬ್ಬ ಈ ಪ್ರಶ್ನೆಗಳಿಗೆ ಉತ್ತರಿಸುತ್ತಾ ಹೋಗಿ, ಮೊಮ್ಮಗನ ಸಾಲ ತೀರಿಸಲು ಊರು ಬಿಟ್ಟ ಸೂಲಗಿತ್ತಿಯೊಬ್ಬಳನ್ನು ರೂಪಿಸಿದ.

ಭಿನ್ನ ಪಾತ್ರ ತಂದವರಿಗೆ ಹೆಚ್ಚುವರಿ ಅಂಕದ ಆಮಿಷ ಒಡ್ಡಬೇಡಿ. ಅಂಕಕ್ಕಾಗಿ ಮಾಡಿದ ಪಾತ್ರ ಎರಡೇ ವಾರದಲ್ಲಿ ತಮಾಷೆಯ ವಸ್ತುವಾಗುತ್ತದೆ. ಹಾಗೆಯೇ, ಬಂದ ಪಾತ್ರದ ಭಿನ್ನತೆಯನ್ನೇ ಕೆದಕುತ್ತಾ ಕೂರಬೇಡಿ. ನಮ್ಮಲ್ಲಿ ಮೊದಲ ಸಲ ಊರುಗೋಲಿನ ಪಾತ್ರವೊಂದು ಬಂದಾಗ ನಾನು ಮೆಟ್ಟಿಲು, ಕೆಸರು, ಹಗ್ಗದ ಸೇತುವೆ ಎಂದು ದೃಶ್ಯಕ್ಕೊಂದು ಅಡ್ಡಿ ಒಡ್ಡಿದೆ; ನಾಲ್ಕನೆಯ ವಾರ ಆ ಆಟಗಾರ ತನ್ನ ಹಳೆಯ ಕತ್ತಿವರಸೆಗಾರ ಪಾತ್ರದ ವಿವರ ಬರೆದ ಹಾಳೆಯನ್ನೇ ಮತ್ತೆ ತಂದು ಮೇಜಿನ ಮೇಲಿಟ್ಟ.