ಸಾಕುನಾಯಿ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಪಶುವೈದ್ಯರಿಗೆ ಗೊತ್ತಾಗುತ್ತದೆಯೇ?

ಕೆಲವು ಸಲ ಗೊತ್ತಾಗುತ್ತದೆ. ಆದರೆ ಬರೀ ಗಾಯ ನೋಡಿ ಖಚಿತವಾಗಿ ಹೇಳುವುದು ಕಷ್ಟ.

ಸಾಮಾನ್ಯವಾಗಿ ಅನುಮಾನ ಶುರುವಾಗುವುದು ಗಾಯಕ್ಕೂ ಮನೆಯವರು ಹೇಳುವ ಮಾತಿಗೂ ತಾಳೆಯಾಗದಿದ್ದಾಗ. ‘ಗೇಟಿಗೆ ಸಿಕ್ಕಿಕೊಂಡಿತು’ ಅಂತಾರೆ, ನೋಡಿದರೆ ಮೈಮೇಲೆ ಒಂದು ತರಚೂ ಇಲ್ಲ, ಗಾಯ ಗುದದ್ವಾರದ ಒಳಗಿದೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟಾಗಿದ್ದರೆ ಅನುಮಾನ ಇನ್ನೂ ಜಾಸ್ತಿ.

ಬಾಲ ಮುದುರಿಕೊಂಡು ನಡುಗಿತು ಅನ್ನುವುದು ಸಾಕ್ಷಿಯಲ್ಲ. ಕ್ಲಿನಿಕ್ ಮೇಜಿನ ಮೇಲೆ ಎಷ್ಟೋ ನಾಯಿಗಳು ಹಾಗೇ ಮಾಡುತ್ತವೆ, ಅಲ್ವಾ? ಊತ, ರಕ್ತ ಕೂಡ ಸೋಂಕಿನಿಂದ, ಬೆದೆಯಿಂದ, ಗುದದ ಪಕ್ಕದ ಗ್ರಂಥಿಯಲ್ಲಿ ಕೀವು ಕಟ್ಟಿದ್ದರಿಂದ ಬರಬಹುದು. ವೈದ್ಯರು ಮೊದಲು ಇವನ್ನೆಲ್ಲ ಪರೀಕ್ಷಿಸಿ ಬದಿಗಿಡಬೇಕು. ಇನ್ನೊಂದು ಕಡೆ, ದೌರ್ಜನ್ಯ ನಡೆದೂ ಗಾಯವೇ ಇಲ್ಲದಿರಬಹುದು. ಆಗ ಹತ್ತಿಕಡ್ಡಿಯಲ್ಲಿ ತೆಗೆದ ಮಾದರಿಯಲ್ಲಿ ಮನುಷ್ಯರ ಡಿಎನ್‌ಎ ಸಿಕ್ಕರೆ ಅದೇ ಗಟ್ಟಿ ಸುಳಿವು. ನಾಯಿ ನೆಕ್ಕಿಕೊಂಡರೆ ಅದೂ ಅಳಿಸಿಹೋಗಬಹುದು.

ಇದು ತೀರಾ ಅಪರೂಪವೂ ಅಲ್ಲ. 2001ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಶುವೈದ್ಯರ ಸಮೀಕ್ಷೆಯಲ್ಲಿ, ಬೇಕಂತಲೇ ಗಾಯ ಮಾಡಿದ 448 ಪ್ರಕರಣಗಳ ಪೈಕಿ ಶೇ. 6ರಷ್ಟು ಲೈಂಗಿಕ ಸ್ವರೂಪದವು.

ಅನುಮಾನವಿದ್ದರೆ ಸ್ನಾನ ಮಾಡಿಸದೆ, ಗಾಯ ತೊಳೆಯದೆ ಕೂಡಲೇ ಕರೆದುಕೊಂಡು ಹೋಗಿ. ಅನುಮಾನ ಏನು ಅಂತ ವೈದ್ಯರಿಗೆ ನೇರವಾಗಿ ಹೇಳಿ.