ಮನೆಯ ಒಳಬಾಗಿಲುಗಳನ್ನು ಬದಲಾಯಿಸಲು ಎಷ್ಟು ಖರ್ಚಾಗುತ್ತದೆ?

ಖರ್ಚು ಬಹುಮಟ್ಟಿಗೆ ಚೌಕಟ್ಟಿನ ಸ್ಥಿತಿಯನ್ನು ಅವಲಂಬಿಸಿದೆ. ತೇಗ, ಹೊನ್ನೆ ಅಥವಾ ಮತ್ತಿ ಮರದ ಹಳೆಯ ಚೌಕಟ್ಟು ಗೆದ್ದಲು ಹಿಡಿಯದೆ ಗಟ್ಟಿಯಾಗಿದ್ದರೆ ಅದನ್ನು ಉಳಿಸಿಕೊಂಡು ಕದವನ್ನಷ್ಟೇ ಬದಲಾಯಿಸುವುದು ಲೇಸು. ಚೌಕಟ್ಟನ್ನು ಕಿತ್ತರೆ ಗೋಡೆ ಒಡೆಯುವುದು, ಗಾರೆ, ಬಣ್ಣ ಎಲ್ಲವೂ ಸೇರಿ ಕದದ ಬೆಲೆಯನ್ನೇ ಮೀರಬಹುದು.

ಬೆಂಗಳೂರಿನಂತಹ ಊರುಗಳಲ್ಲಿ ಒಳಕೋಣೆಗಳಿಗೆ ಹೆಚ್ಚಾಗಿ ಬಳಸುವ ಫ್ಲಶ್ ಬಾಗಿಲನ್ನು (ಎರಡೂ ಬದಿ ಸಪಾಟಾಗಿರುವ ಕದ) ಚದರಡಿ ಲೆಕ್ಕದಲ್ಲಿ ಮಾರುತ್ತಾರೆ. 7 ಅಡಿ ಎತ್ತರ, 3 ಅಡಿ ಅಗಲದ ಕದ 21 ಚದರಡಿಯಾಗುವುದರಿಂದ, ಚದರಡಿಗೆ 130 ರೂಪಾಯಿ ದರವಿದ್ದರೆ ಬರಿಯ ಕದಕ್ಕೆ 2,730 ರೂಪಾಯಿ. ಆದರೆ ಇದನ್ನೇ ಪೂರ್ತಿ ಖರ್ಚೆಂದು ದಯವಿಟ್ಟು ಭಾವಿಸಬೇಡಿ: ಎರಡೂ ಬದಿಗೆ 8×4 ಅಡಿಯ ಎರಡು ಲ್ಯಾಮಿನೇಟ್ ಹಾಳೆ, ಅಂಟು, ಅಂಚುಪಟ್ಟಿ, ಕೀಲು, ಬೀಗ, ಚಿಲಕ, ಬಡಗಿಯ ಕೂಲಿ ಸೇರಿದಾಗ ಮೊತ್ತ ಎರಡು ಮೂರು ಪಟ್ಟಾಗುವುದು ಅಪರೂಪವೇನಲ್ಲ.

ಸ್ನಾನದ ಮನೆಗೆ ನೀರಿನಿಂದ ಉಬ್ಬದ ಡಬ್ಲ್ಯೂಪಿಸಿ (ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು) ಅಥವಾ ಪಿವಿಸಿ (ಪ್ಲಾಸ್ಟಿಕ್) ಕದವೇ ಸೂಕ್ತ.

ಬಡಗಿಯಿಂದ ದರ ಬರೆಸಿಕೊಳ್ಳುವಾಗ ಹಳೆಯ ಕದ ಬಿಚ್ಚಿ ಸಾಗಿಸುವ ಕೂಲಿಯೂ ಅದರಲ್ಲಿದೆಯೇ ಎಂದು ಕೇಳಿ. ಹಳೆಯ ಮನೆಗಳಲ್ಲಿ ಒಂದೇ ಅಳತೆಯಂತೆ ಕಾಣುವ ಬಾಗಿಲುಗಳೂ ಅರ್ಧ ಇಂಚು ಹೆಚ್ಚುಕಡಿಮೆ ಇರುವುದುಂಟು; ಆದ್ದರಿಂದ ಪ್ರತಿ ಚೌಕಟ್ಟನ್ನೂ ಮೇಲೆ, ನಡುವೆ, ಕೆಳಗೆ ಬೇರೆಬೇರೆಯಾಗಿ ಅಳೆಸಿಯೇ ಕದಗಳನ್ನು ತರಿಸಿರಿ.