ಮನೆಯ ಡೇ ಕೇರ್‌ನಲ್ಲಿ ಮಕ್ಕಳ ಎನ್‌ರೋಲ್‌ಮೆಂಟ್ ಫಾರಂಗಳನ್ನು ಪ್ರತಿವರ್ಷ ಹೊಸದಾಗಿ ಬರೆಸಲೇಬೇಕೆ?

ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲೇ ಡೇ ಕೇರ್ ತೆರೆದು ವರ್ಷವಾಗಿದೆ, ಮಕ್ಕಳೂ ಅವರೇ, ತಂದೆತಾಯಿಯರೂ ಅವರೇ, ಹೀಗಿದ್ದರೂ ಮಕ್ಕಳ ಊಟ ತಿಂಡಿಯ ಖರ್ಚಿಗೆ ಸರ್ಕಾರ ಹಣ ಕೊಡುವ ಫುಡ್ ಪ್ರೋಗ್ರಾಂನ ಸ್ಪಾನ್ಸರ್ ಸಂಸ್ಥೆಯವರು, ಅಂದರೆ ಆ ಹಣವನ್ನು ನಮಗೆ ತಲುಪಿಸಿ ಲೆಕ್ಕ ಪರಿಶೀಲಿಸುವವರು, ಎಲ್ಲರ ಫಾರಂಗಳಿಗೂ ಮತ್ತೆ ಸಹಿ ಹಾಕಿಸಿ ಕಳುಹಿಸಿ ಎನ್ನುತ್ತಿರುವುದೇಕೆ ಎಂದು ನೀವು ಕೇಳಿದ್ದೀರಿ. ಇದೇ ರಾಜ್ಯದಲ್ಲಿ ಹಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನನ್ನ ಉತ್ತರವಿಷ್ಟು: ಬರೆಸಲೇಬೇಕು, ಮತ್ತು ವರ್ಷಕ್ಕೊಮ್ಮೆ ಬರೆಸಿದರೆ ಸಾಲದು.

ಅಮೆರಿಕದ ಕೃಷಿ ಇಲಾಖೆಯ ಈ ಯೋಜನೆಯ ನಿಯಮದಂತೆ ಪ್ರತಿ ಮಗುವಿನ ಫಾರಂ ವರ್ಷಕ್ಕೊಮ್ಮೆ ನವೀಕರಣಗೊಳ್ಳಬೇಕು, ಅದರಲ್ಲಿ ತಂದೆ, ತಾಯಿ ಅಥವಾ ಪೋಷಕರ ಸಹಿಯಿರಬೇಕು, ಮಗು ಸಾಮಾನ್ಯವಾಗಿ ಯಾವ ದಿನಗಳಲ್ಲಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನಿಮ್ಮಲ್ಲಿರುತ್ತದೆ, ಯಾವ ಯಾವ ಊಟ ತಿಂಡಿ ಮಾಡುತ್ತದೆ ಎಂಬುದಿರಬೇಕು. ಸ್ಪಾನ್ಸರ್ ಸಂಸ್ಥೆಯವರು ವರ್ಷಕ್ಕೆ ಮೂರು ಬಾರಿ ಮನೆಗೆ ಬರುತ್ತಾರೆ, ಅದರಲ್ಲಿ ಎರಡು ಬಾರಿಯಾದರೂ ಮುಂಚೆ ತಿಳಿಸದೆ ಬರುತ್ತಾರೆ. ಬಂದಾಗ ಐದು ದಿನಗಳ ಊಟದ ಲೆಕ್ಕವನ್ನು ಹಾಜರಿ ಪುಸ್ತಕದೊಂದಿಗೂ ಎನ್‌ರೋಲ್‌ಮೆಂಟ್ ಫಾರಂನೊಂದಿಗೂ ಹೋಲಿಸಿ ನೋಡುತ್ತಾರೆ. ಫಾರಂನಲ್ಲಿ ಇಲ್ಲದ ಹೊತ್ತಿನಲ್ಲಿ ಮಗು ಊಟ ಮಾಡಿದೆ ಎಂದು ನೀವು ಬರೆದಿದ್ದರೆ ಪ್ರಶ್ನೆ ಏಳುವುದು ಅಲ್ಲಿಯೇ.

ನನಗೆ ಹಾಗೆಯೇ ಆಯಿತು. ನಾಲ್ಕು ತುಂಬಿದ ಹುಡುಗನೊಬ್ಬ ಆಗಸ್ಟ್‌ನಲ್ಲಿ ಸರ್ಕಾರಿ ಶಾಲೆಯ ಟಿಕೆ ತರಗತಿಗೆ, ಅಂದರೆ ಕಿಂಡರ್‌ಗಾರ್ಟನ್‌ಗೆ ಮೊದಲಿನ ವರ್ಷದ ತರಗತಿಗೆ, ಸೇರಿ, ಮಧ್ಯಾಹ್ನ ಎರಡರ ನಂತರ ಮಾತ್ರ ನನ್ನಲ್ಲಿಗೆ ಬರತೊಡಗಿದ. ಅದನ್ನು ಫಾರಂನಲ್ಲಿ ತಿದ್ದಿಸಿದ್ದೆ; ಆದರೆ ಶಾಲೆಗೆ ರಜೆಯಿದ್ದ ದಿನ ಬೆಳಗ್ಗೆಯಿಂದಲೇ ಇರುತ್ತಾನೆ, ಇಲ್ಲೇ ಊಟ ಮಾಡುತ್ತಾನೆ ಎಂಬುದನ್ನು ಬರೆಸಲು ಮರೆತಿದ್ದೆ. ಅವನು ನನ್ನ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಅನ್ನ, ಬೇಳೆ, ಕ್ಯಾರೆಟ್ ತಿಂದದ್ದು ನಿಜ, ಆದರೂ ರಜೆಯ ದಿನಗಳಲ್ಲಿ ಅವನು ಮಾಡಿದ ಎರಡು ಊಟಗಳ ಹಣ ಕಡಿತವಾಯಿತು. ಹಣ ದೊಡ್ಡದಲ್ಲ, ನಿಜವಾದ ಲೆಕ್ಕವನ್ನು ನಿಜವೆಂದು ತೋರಿಸಲು ಕೈಯಲ್ಲಿ ಕಾಗದವಿರಲಿಲ್ಲವಲ್ಲ ಎಂಬ ನೋವು ಬಹಳ ದಿನ ಉಳಿಯಿತು.

ಇನ್ನೊಂದು ಸಂಗತಿ ಹಣಕ್ಕೆ ಸಂಬಂಧಿಸಿದ್ದಲ್ಲ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ. ನಮ್ಮ ಕಡೆಯ ಮನೆಗಳಲ್ಲಿ ಅಜ್ಜಿ ತಾತ ಊರಿನಿಂದ ಆರು ತಿಂಗಳಿಗೆಂದು ಬಂದಿರುತ್ತಾರೆ, ಮಗುವನ್ನು ಕರೆದೊಯ್ಯುವವರ ಪಟ್ಟಿಯಲ್ಲೂ ತುರ್ತು ಸಂಪರ್ಕದಲ್ಲೂ ಅವರ ಹೆಸರೇ ಮೊದಲಿರುತ್ತದೆ. ಒಮ್ಮೆ ಮಗುವೊಂದಕ್ಕೆ ಜ್ವರ ಏರುತ್ತಿದ್ದಾಗ ತಂದೆತಾಯಿ ಇಬ್ಬರೂ ಫೋನ್ ಎತ್ತಲಿಲ್ಲ, ಫಾರಂನಲ್ಲಿದ್ದ ಅಜ್ಜಿಯ ನಂಬರಿಗೆ ಕರೆ ಮಾಡಿದರೆ ಆ ನಂಬರೇ ಚಾಲ್ತಿಯಲ್ಲಿರಲಿಲ್ಲ. ಅವರು ಮೈಸೂರಿಗೆ ಮರಳಿ ಮೂರು ವಾರವಾಗಿತ್ತು. ಅಂದು ಬಿಸಿಯಾದ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಳೆದ ನಲವತ್ತು ನಿಮಿಷವನ್ನು ನಾನು ಮರೆತಿಲ್ಲ. ಮಕ್ಕಳ ರೋಸ್ಟರ್, ಅಂದರೆ ಪೋಷಕರ ವಿಳಾಸ, ಹಗಲು ಸಿಗುವ ಫೋನ್ ನಂಬರು, ವೈದ್ಯರ ಹೆಸರು ಮತ್ತು ನಂಬರುಗಳಿರುವ ಪಟ್ಟಿ, ಸದಾ ಚಾಲ್ತಿಯಲ್ಲಿರಬೇಕು ಎಂದು ರಾಜ್ಯದ ಕಾನೂನು ಹೇಳುವುದು ಇದಕ್ಕಾಗಿಯೇ.

ಆದ್ದರಿಂದ ಪ್ರತಿ ತಿಂಗಳು ಫೀಸು ಕೊಡಲು ಬಂದವರಿಗೆ ಅವರ ಮಗುವಿನ ಫಾರಂ ತೋರಿಸಿ, ಸಮಯ ಬದಲಾಗಿದೆಯೇ, ನಂಬರು ಬದಲಾಗಿದೆಯೇ, ಕರೆದೊಯ್ಯುವವರು ಬದಲಾಗಿದ್ದಾರೆಯೇ ಎಂದು ಕೇಳುತ್ತೇನೆ. ಬದಲಾಗಿದ್ದರೆ ಅಲ್ಲೇ ತಿದ್ದಿ ತಾರೀಖು, ಸಹಿ ಹಾಕಿಸಿ, ಪ್ರತಿಯನ್ನು ಅಂದೇ ಸ್ಪಾನ್ಸರ್‌ಗೆ ಕಳುಹಿಸುತ್ತೇನೆ. ಲಸಿಕೆಯ ದಾಖಲೆಯನ್ನೂ ಆಗಲೇ ನೋಡಿಬಿಡುತ್ತೇನೆ. ಕೂಸುಗಳ ವಿಷಯದಲ್ಲಿ ನಾವು ಕೊಡುವ ಫಾರ್ಮುಲಾ ಒಪ್ಪಿದ್ದಾರೆಯೇ, ಮನೆಯಿಂದ ಹಾಲು ತರುತ್ತಾರೆಯೇ ಎಂಬುದನ್ನು ಬರೆಸಿಟ್ಟಿರಬೇಕು, ಮೊದಲ ಹುಟ್ಟುಹಬ್ಬದೊಂದಿಗೆ ಊಟದ ಕ್ರಮವೇ ಬದಲಾಗುವುದರಿಂದ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಡಿ.

ಹಳೆಯ ಫಾರಂ ಹರಿಯಬೇಡಿ. ಮಗು ಬಿಟ್ಟುಹೋದ ದಿನ ಕೊನೆಯ ತಾರೀಖು ಬರೆದು ರೋಸ್ಟರ್‌ನಿಂದ ಹೆಸರು ತೆಗೆಯಿರಿ, ಫಾರಂ ಮಾತ್ರ ಬೇರೆ ಫೈಲಿನಲ್ಲಿರಲಿ. ಫುಡ್ ಪ್ರೋಗ್ರಾಂನ ದಾಖಲೆಗಳನ್ನು, ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗಿನ ಅವರ ಲೆಕ್ಕದ ವರ್ಷ ಮುಗಿದ ಮೇಲೂ 3 ವರ್ಷ ಇಟ್ಟಿರಬೇಕಾಗುತ್ತದೆ.